ಪೂಜಾರಿಯಿಲ್ಲದ ಬ್ಯಾಲೆ

ಬ್ಯಾಲೆಯಿಂದ ಪೂಜಾರಿಯನ್ನು ಕಿತ್ತುಹಾಕಿದ ಸುದ್ದಿ ಸೋನಿಯಾಳಿಗೆ ತಿಳಿದದ್ದು ಸಿಯಾಟಲ್ ಪಕ್ಕದ ಸಮಾಮಿಶ್‌ನ ಶಶಿಕಾಂತನ ಮನೆಯ ಊಟದ ಮೇಜಿನಲ್ಲಿ, ಬಿಸಿಬೇಳೆ ಬಾತಿನ ಮೇಲೆ ತುಪ್ಪ ಬೀಳುತ್ತಿದ್ದಾಗ.

"ಆ ಸೀನ್ ತೆಗೆಸಿಬಿಟ್ಟೆ ಕಣಮ್ಮಾ," ಎಂದ ಶಶಿಕಾಂತ. "ಪೂಜಾರಿ ಬಂದು ಡ್ಯಾನ್ಸರ್ ಕೈ ಹಿಡಿಯೋದಂತೆ, ಗರ್ಭಗುಡಿ ಬಾಗಿಲು ಹಾಕೋದಂತೆ. ಥೂ! ನಮ್ಮ ಕಲ್ಚರ್ ಅಂದ್ರೆ ಏನಂದ್ಕೊಂಡಿದಾರೆ ಇವ್ರು?"

ಸೋನಿಯಾಳ ಚಮಚ ತಟ್ಟೆಯಲ್ಲೇ ನಿಂತಿತು. "ಬಟ್ ಅಂಕಲ್, ಶನಿವಾರ ಓಪನಿಂಗ್. ಆ ಸೀನ್ ಇಲ್ಲದಿದ್ರೆ ನಾನು ಯಾಕೆ ಸಾಯ್ತೀನಿ ಅನ್ನೋದೇ ಯಾರಿಗೂ ಅರ್ಥ ಆಗಲ್ಲ."

"ಬ್ಯಾಲೆ ತಾನೇ? ಅರ್ಥ ಯಾರಿಗೆ ಬೇಕು! ಚೆನ್ನಾಗಿ ಕಾಣ್ಸಿದ್ರೆ ಸಾಕು," ಎಂದು ಶಶಿಕಾಂತ ತನ್ನ ಜೋಕಿಗೆ ತಾನೇ ನಕ್ಕ.

ಶಶಿಕಾಂತ ಕರ್ಕ್‌ಲ್ಯಾಂಡ್‌ನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ದೊಡ್ಡ ಮ್ಯಾನೇಜರ್. ಕನ್ನಡಿಗರ ಕೂಟದಲ್ಲಿ ಅವನ ಮಾತೇ ಕೊನೆಯ ಮಾತು. ಮೇಲಾಗಿ ಸೋನಿಯಾ ಕುಣಿಯುವ ಎಲಿಯಟ್ ಬೇ ಬ್ಯಾಲೆಯ ಆಡಳಿತ ಮಂಡಳಿಯಲ್ಲಿ ಅವನೊಬ್ಬ ಸದಸ್ಯ. ಸೋನಿಯಾ ಲಿನ್‌ವುಡ್‌ನಲ್ಲಿ ಹುಟ್ಟಿದವಳು. ಹರೆಯ ಪೂರ್ತಿ ಆ ಬ್ಯಾಲೆ ಕಂಪೆನಿಯ ಹಿಂದಿನ ಸಾಲಿನಲ್ಲಿ ಕಳೆದಿದ್ದಳು. ಹಿಂದಿನ ಸಾಲೆಂದರೆ ಹಂಸಗಳಲ್ಲೊಂದು ಹಂಸ, ಹಿಮದ ಚೂರುಗಳಲ್ಲೊಂದು ಚೂರು. ಅವಳಿಗೀಗ ಇಪ್ಪತ್ತೇಳು. ಬೇರೆ ಕೆಲಸಗಳಲ್ಲಿ ಅದು ಬೆಳಗಿನ ಹೊತ್ತು, ಬ್ಯಾಲೆಯಲ್ಲಿ ಸಂಜೆ. ಈಗ, ಮೊದಲ ಸಲ, ನಾಯಕಿಯ ಪಾತ್ರ. ನಿರ್ದೇಶಕಿ ಹಾಲ್ವರ್ಸನ್ ಮುಚ್ಚುಮರೆಯಿಲ್ಲದೆ ಹೇಳಿದ್ದಳು: ಶನಿವಾರ ಗೆದ್ದರೆ ನೀನು ಸೋಲೋಯಿಸ್ಟ್, ಇಲ್ಲದಿದ್ದರೆ ಜೂನ್‌ನಲ್ಲಿ ನಿನ್ನ ಕರಾರು ಮುಗಿಯುತ್ತದೆ.

ಬ್ಯಾಲೆಯ ಹೆಸರು 'ಮಂದಿರದ ಕನ್ಯೆ'. ಭಾರತದ ನೆಲವನ್ನು ಒಮ್ಮೆಯೂ ಮೆಟ್ಟದ ಯುರೋಪಿನ ನೃತ್ಯಗುರುವೊಬ್ಬ ನೂರೈವತ್ತು ವರ್ಷದ ಹಿಂದೆ ಕಟ್ಟಿದ್ದು. ಅದರಲ್ಲಿ ಹುಲಿಯಿದೆ, ಹುಕ್ಕಾ ಇದೆ, ಗುಡಿಯಲ್ಲಿ ಒಂಟೆಯೂ ಇದೆ. ಈ ಎಲ್ಲ ಸುಳ್ಳುಗಳ ನಡುವೆ, ಹೇಗೋ ಕೈತಪ್ಪಿ, ಒಂದು ನಿಜವೂ ಒಳಗೆ ನುಸುಳಿತ್ತು: ದೇವರಿಗೆಂದು ಬಿಟ್ಟ ಹೆಣ್ಣು ದೇವರ ಕೈಗೆ ಸಿಗುವುದಿಲ್ಲ, ಪೂಜಾರಿಯ ಕೈಗೆ ಸಿಗುತ್ತಾಳೆ. ಒಂಟೆಯನ್ನು ಯಾರೂ ಮುಟ್ಟಲಿಲ್ಲ. ನಿಜವನ್ನು ಹುಡುಕಿ ಕತ್ತರಿಸಿದರು.

"ನಮ್ಮ ಕಡೆಯ ಕೆಲವರು ಥಿಯೇಟರ್ ಮುಂದೆ ಬೋರ್ಡ್ ಹಿಡ್ಕೊಂಡು ನಿಲ್ತೀವಿ ಅಂತಿದ್ರು," ಶಶಿಕಾಂತ ವಿವರಿಸಿದ. "ನಾನೇ ಸೆಟ್ಲ್ ಮಾಡ್ದೆ. ಸೀನ್ ಔಟ್. ಶೋ ಮುಂಚೆ ನಮ್ಮ ಹುಡುಗಿ ಪರದೆ ಮುಂದೆ ನಿಂತು ನಾಲ್ಕು ಮಾತಾಡ್ತಾಳೆ ಅಂತ ಹಾಲ್ವರ್ಸನ್‌ಗೆ ಹೇಳಿದೀನಿ. ಅವಳಿಗೂ ಖುಷಿ. ಇಂಡಿಯನ್ ಹುಡುಗಿನೇ ಸರಿ ಅಂದ್ಮೇಲೆ ಪೇಪರ್‌ನವರೂ ಬಾಯಿ ಮುಚ್ಕೋತಾರೆ."

"ಏನು ಮಾತಾಡ್ಬೇಕು?"

ಅವನು ಫೋನ್ ತೆಗೆದು ಓದಿದ. ದೇವಾಲಯದ ನರ್ತಕಿಯರು ಪೂಜ್ಯರಾಗಿದ್ದರು, ರಾಣಿಯರಂತೆ ಸ್ವತಂತ್ರರಾಗಿದ್ದರು. ಅವರ ಬಗೆಗಿನ ಕೆಟ್ಟ ಕಥೆಗಳೆಲ್ಲ ಪರಕೀಯರ ಸೃಷ್ಟಿ. ನನ್ನ ಅಜ್ಜಿಯಿಂದ ನನಗೆ ಹರಿದುಬಂದ ಈ ಪವಿತ್ರ ಪರಂಪರೆಗೆ ಇಂದು ನಾನು ತಲೆಬಾಗುತ್ತೇನೆ.

ಮೇಜಿನ ಆಚೆ ಬದಿಯಲ್ಲಿ ಕೂತಿದ್ದ ಸೋನಿಯಾಳ ಅಪ್ಪ ಮಲ್ಲೇಶ ನೀರಿನ ಲೋಟ ಎತ್ತಿದ. ಕುಡಿಯಲಿಲ್ಲ.

"ಅಜ್ಜಿ ಅಂತ ಒಂದು ಪರ್ಸನಲ್ ಟಚ್ ನಾನೇ ಹಾಕಿದ್ದು," ಎಂದಳು ಶಶಿಕಾಂತನ ಹೆಂಡತಿ ವಸಂತಲಕ್ಷ್ಮಿ, ಹಪ್ಪಳ ಬಡಿಸುತ್ತ. "ಇರ್ತಾರಲ್ವಾ ಎಲ್ಲರ ಮನೇಲೂ ಒಬ್ರು ಹಾಡೋರು, ಕುಣಿಯೋರು? ಅಂದ್ಹಾಗೆ ಮಲ್ಲೇಶ್ ಅವ್ರೇ, ಇಷ್ಟು ವರ್ಷ ಆಯ್ತು, ಕೇಳೇ ಇಲ್ಲ ನೋಡಿ. ನಿಮ್ಮ ಮನೆದೇವ್ರು ಯಾವ್ದು?"

ಪ್ರಶ್ನೆ ಹಪ್ಪಳದಷ್ಟೇ ಹಗುರವಾಗಿ ಬಂತು. ಇದು ಯಾವ ದೇಶಕ್ಕೆ ಹೋದರೂ ನಮ್ಮವರು ಸೂಟ್‌ಕೇಸಿನಲ್ಲಿ ಮಡಚಿ ತರುವ ಅಳತೆಪಟ್ಟಿ. ಊರು ಯಾವುದು, ಮನೆದೇವರು ಯಾವುದು, ಮಾಂಸ ತಿಂತೀರಾ? ಮೂರೇ ಪ್ರಶ್ನೆಯಲ್ಲಿ ಅಳತೆ ಮುಗಿಯುತ್ತದೆ.

"ಹೊಸಪೇಟೆ ಕಡೆಯವರು ನಾವು," ಎಂದ ಮಲ್ಲೇಶ. "ಹಂಪಿ ವಿರೂಪಾಕ್ಷ ಅಂತ ಇಟ್ಕೊಳ್ಳಿ."

"ಇಟ್ಕೊಳ್ಳಿ ಅಂತಾರೆ ನೋಡ್ರೀ!" ವಸಂತಲಕ್ಷ್ಮಿ ನಕ್ಕಳು. ಕಣ್ಣು ನಗಲಿಲ್ಲ.

ಮಲ್ಲೇಶ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳನ್ನು ಪರೀಕ್ಷಿಸುವ ಎಂಜಿನಿಯರ್. ಇಂಥ ಮನೆಗಳಿಗೆ ಬರುವಾಗ ಕೋಟು ತೊಟ್ಟಂತೆ ಬೆಂಗಳೂರಿನ ಕನ್ನಡ ತೊಟ್ಟು ಬರುತ್ತಿದ್ದ. ಸಿಯಾಟಲ್ ನಗರಸಭೆ ಜಾತಿ ತಾರತಮ್ಯಕ್ಕೆ ನಿಷೇಧ ಹಾಕಿದಾಗ ಇದೇ ಮೇಜಿನಲ್ಲಿ ಶಶಿಕಾಂತ, "ಇಲ್ಲಿ ಎಲ್ಲಿದೆ ರೀ ಜಾತಿ? ಇಲ್ಲದ್ದನ್ನ ತಂದು ಹಾಕ್ತಿದಾರೆ" ಎಂದು ಗುಡುಗಿದ್ದ. ಮಲ್ಲೇಶ ಆಗ ತಲೆಯಾಡಿಸಿದ್ದ. ತಲೆಯಾಡಿಸುವುದು ಅವನ ಈ ದೇಶದ ಎರಡನೆಯ ಉದ್ಯೋಗವಾಗಿತ್ತು.

*

ವಾಪಸು ಬರುವಾಗ ಕಾರಿನಲ್ಲಿ ಅಪ್ಪ, ಮಗಳು ಇಬ್ಬರೇ. ಹೆದ್ದಾರಿಗೆ ಸೇರುವಲ್ಲಿ ಮಲ್ಲೇಶನ ಬೆಂಗಳೂರು ಕನ್ನಡದ ಕೋಟು ಕಳಚಿಬಿತ್ತು.

"ಓದಿಬಿಡವ್ವಾ," ಎಂದ. "ನಾಕು ಮಾತು. ಓದಿ, ಒಳಗ ಹೋಗಿ ಕುಣಿ."

"ಅಪ್ಪಾ, ಅದು ಲೈ."

"ಸುಳ್ಳ ಅಂತ ನನಗ ಗೊತ್ತಿಲ್ಲೇನು?"

ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ತಾಯಿ ಗಂಗಮ್ಮನಿಗೆ ಮೈನೆರೆಯುವ ಮುಂಚೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ದೇವಿಯ ಹೆಸರಿನಲ್ಲಿ ಕಟ್ಟಿದರು, ಊರ ದೊಡ್ಡವರ ಹಾಸಿಗೆಗೆ ಬಿಟ್ಟರು. ಶಾಲೆಯಲ್ಲಿ ಮಾಸ್ತರು ತಂದೆಯ ಹೆಸರು ಕೇಳಿದಾಗ ಮಲ್ಲೇಶ ಸುಮ್ಮನೆ ನಿಂತಿದ್ದ. "ಯಾರನ್ನ ಅಂತ ಬರೀಲೋ?" ಎಂದು ಮಾಸ್ತರು ಕೇಳಿದಾಗ ಇಡೀ ತರಗತಿ ನಕ್ಕಿತ್ತು. ಅಜ್ಜಿ ತೀರಿಕೊಂಡ ವರ್ಷ ಅವನು ಇದನ್ನು ಮಗಳಿಗೆ ಹೇಳಿದ್ದ, ಬಾಗಿಲು ಹಾಕಿಕೊಂಡು. ಲಿನ್‌ವುಡ್‌ನ ಆ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ತಿಳಿಯುವವರು ಬೇರೆ ಯಾರೂ ಇರಲಿಲ್ಲ. ಆದರೂ ಬಾಗಿಲು ಹಾಕಿದ್ದ.

"ಐ ಕಾಂಟ್ ಸೇ ಇಟ್ ಅಪ್ಪಾ. ಅಜ್ಜಿ ರಾಣಿ ಥರ ಇದ್ರು ಅಂತ ಹೇಗೆ ಹೇಳ್ಲಿ?"

"ಹಂಗಾರ ಏನಂತಿ? ಖರೇ ಹೇಳ್ತಿ? ಆ ಮಂದಿ ಮುಂದ? ನನ್ನ ಟೀಮ್ ಲೀಡ್ ಆ ಶಶಿಕಾಂತನ ಬೀಗರ ಪೈಕಿ. ನಾಳೆಯಿಂದ ಕ್ಯಾಂಟೀನ್‌ನಾಗ ನನ್ನ ಹಂಗ ನೋಡ್ತಾರ. ಆ ನೋಟ ನಿನಗ ಗೊತ್ತಿಲ್ಲ ಬಿಡು. ನಾ ಅದನ್ನ ದಾಟಾಕ ಸಮುದ್ರ ದಾಟೀನಿ."

ಸೋನಿಯಾ ಕಿಟಕಿಯತ್ತ ಮುಖ ತಿರುಗಿಸಿದಳು. ಸುಳ್ಳು ಹೇಳಿದರೆ ಪಾತ್ರ ಉಳಿಯುತ್ತದೆ, ಅಜ್ಜಿ ಇನ್ನೊಮ್ಮೆ ಮಾರಾಟವಾಗುತ್ತಾಳೆ. ನಿಜ ಹೇಳಿದರೆ ಅಪ್ಪನನ್ನು ಬೀದಿಗೆ ಎಳೆದಂತೆ. ಮಾತಾಡುವುದಿಲ್ಲವೆಂದರೆ ಶನಿವಾರ ಬೇರೆ ಯಾರೋ ಕುಣಿಯುತ್ತಾರೆ.

*

ಮಾರನೆಯ ದಿನ ರಿಹರ್ಸಲ್ ಹಾಲಿನಲ್ಲಿ ಇದನ್ನೆಲ್ಲ ಕೇಳಿ ದಾರೇಜಾನ್ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತಳು. ಹಳೆಯ ಬ್ಯಾಲೆಗಳು ಪುಸ್ತಕದಲ್ಲಿ ಉಳಿಯುವುದು ಕಡಿಮೆ. ಕುಣಿದವರು ಕುಣಿಯುವವರಿಗೆ ಮೈಯಿಂದ ಮೈಗೆ ದಾಟಿಸಬೇಕು. ಹಾಗೆ ದಾಟಿಸಲು ಕಂಪೆನಿ ಕರೆಸಿದ್ದ ಮುದುಕಿ ಇವಳು. ಈಗ ನಕಾಶೆಯಲ್ಲೇ ಇಲ್ಲದ ದೇಶವೊಂದರ ರಾಷ್ಟ್ರೀಯ ಬ್ಯಾಲೆಯಲ್ಲಿ ಒಂದು ಕಾಲಕ್ಕೆ ಇದೇ ಕನ್ಯೆಯಾಗಿ ಕುಣಿದಿದ್ದಳು.

"ನಮ್ಮಲ್ಲೂ ಪೂಜಾರಿಯನ್ನು ತೆಗೆದಿದ್ದರು," ಎಂದಳು ತನ್ನ ಒರಟು ಇಂಗ್ಲಿಷಿನಲ್ಲಿ. "ಸಂಸ್ಕೃತಿ ಮಂತ್ರಿಗೆ ದೇವರು ಬೇಡವಾಗಿತ್ತು. ಪೂಜಾರಿಯ ಬದಲು ಜಮೀನುದಾರನನ್ನು ತಂದರು. ಪಕ್ಕದ ದೇಶದ ರಾಷ್ಟ್ರೀಯ ಕಂಪೆನಿಯಲ್ಲಿ ಅವನು ವಿದೇಶಿ ವ್ಯಾಪಾರಿಯಾದ. ಪ್ರತಿ ಹೊಸ ರಾಷ್ಟ್ರಕ್ಕೂ ಒಂದು ಬಾವುಟ ಬೇಕು, ಒಂದು ವಿಮಾನ ಬೇಕು, ಒಂದು ಬ್ಯಾಲೆ ಕಂಪೆನಿ ಬೇಕು. ಬಂದ ಕೂಡಲೇ ಮೊದಲು ಮಾಡುವ ಕೆಲಸ ಖಳನನ್ನು ಬದಲಾಯಿಸುವುದು. ತಮ್ಮ ಮನೆಯವನು ಖಳನಾಗಬಾರದು ನೋಡು."

"ನಿಮ್ಮಿಂದಲೂ ಮಾತಾಡಿಸಿದ್ದರಾ?"

"ಪ್ರವಾಸ ಹೋದ ಪ್ರತಿ ಊರಿನಲ್ಲೂ. ವರ್ಷಪೂರ್ತಿ, ನೀವು ಬಾಯಿಲ್ಲದ ಕಲಾವಿದರು, ಕಾಲೇ ನಿಮ್ಮ ಭಾಷೆ ಅನ್ನುತ್ತಿದ್ದರು. ಗಡಿ ದಾಟಿದ ಕೂಡಲೇ ಬಾಯಿ ಬರಿಸುತ್ತಿದ್ದರು. ನಮ್ಮ ದೇಶದಲ್ಲಿ ಎಲ್ಲರೂ ಸುಖಿಗಳು, ಅಂತ. ಆಮೇಲೆ ಹೋಟೆಲಿನ ಬಚ್ಚಲಲ್ಲಿ ನಮ್ಮ ಬಟ್ಟೆ ನಾವೇ ಒಗೆದುಕೊಂಡು, ಸೂಟ್‌ಕೇಸಿನಲ್ಲಿ ತಂದ ಒಣ ಬ್ರೆಡ್ ತಿನ್ನುತ್ತಿದ್ದೆವು."

"ಒಬ್ಬರೂ ಇಲ್ಲ ಅನ್ನಲಿಲ್ಲವಾ?"

ದಾರೇಜಾನ್ ಕೋಲಿನಿಂದ ನೆಲ ಕುಟ್ಟಿದಳು. "ಎಲ್ಲಿ, ಎರಡನೇ ಪ್ರವೇಶ. ನಿನ್ನ ಮೊಣಕೈ ಸತ್ತಿದೆ."

ರಾಷ್ಟ್ರಗಳ ಮಾನ ಯಾವಾಗಲೂ ಹೆಣ್ಣಿನ ಕಾಲ್ಬೆರಳ ತುದಿಯ ಮೇಲೇ ನಿಲ್ಲುತ್ತದೆ. ಸ್ಯಾಟಿನ್ ಶೂ ಬಿಚ್ಚಿದಾಗ ಕಾಣುವ ರಕ್ತ ಯಾವ ಬಾವುಟದಲ್ಲೂ ಇಲ್ಲ.

*

ಶನಿವಾರ ಥಿಯೇಟರಿನ ಮುಂದೆ ಬೋರ್ಡುಗಳಿರಲಿಲ್ಲ. ಎಡಗಡೆಯ ಮುಂದಿನ ಸಾಲುಗಳು ರೇಷ್ಮೆ ಸೀರೆಗಳಿಂದ ತುಂಬಿದ್ದವು. ಮಲ್ಲೇಶ ಮೇಲಿನ ಬಾಲ್ಕನಿಯಲ್ಲಿ ಒಬ್ಬನೇ ಕೂತಿದ್ದ. ಅವನ ಹೆಂಡತಿ ಸುಲೋಚನಾಗೆ ಆಸ್ಪತ್ರೆಯಲ್ಲಿ ಶಿಫ್ಟ್ ಇತ್ತು. ಶಶಿಕಾಂತ ಕೆಳಗಿನ ಮೊದಲ ಸಾಲಿಗೆ ಕರೆದಿದ್ದ. ಅವನು ಹೋಗಿರಲಿಲ್ಲ.

ಪರದೆಯ ಮುಂದೆ ಎರಡು ಮೈಕು. ಒಂದರ ಮುಂದೆ ಹಾಲ್ವರ್ಸನ್, ಇನ್ನೊಂದರ ಮುಂದೆ ಸೋನಿಯಾ. ಬಂಗಾರದ ರವಿಕೆಯನ್ನು ಮೈಮೇಲೆಯೇ ದಾರದಿಂದ ಹೊಲಿದಿದ್ದರು. ಕುಣಿತದಲ್ಲಿ ಬಿಚ್ಚಬಾರದೆಂದು ಶೂವಿನ ರಿಬ್ಬನ್‌ಗೂ ಹೊಲಿಗೆ. ಅವಳ ಕೈಯಲ್ಲಿ ಶಶಿಕಾಂತನ ಮಾತುಗಳಿದ್ದವು.

"ದೇವಾಲಯದ ನರ್ತಕಿಯರು ಪೂಜ್ಯರಾಗಿದ್ದರು," ಎಂದು ಇಂಗ್ಲಿಷಿನಲ್ಲಿ ಓದಿದಳು. ಮುಂದಿನ ಸಾಲುಗಳು ಚಪ್ಪಾಳೆ ತಟ್ಟಿದವು. "ರಾಣಿಯರಂತೆ..." ಅಲ್ಲಿಗೆ ನಿಂತಳು.

ಯಾರೋ ಕೆಮ್ಮಿದರು.

"ಹೇಳು ಪುಟ್ಟಾ," ಎಂದು ಮೊದಲ ಸಾಲಿನಿಂದ ಶಶಿಕಾಂತ ಪಿಸುಗುಟ್ಟಿದ. "ಹೆದರ್ಕೋಬೇಡ. ಅಜ್ಜಿ ಅಂತ ಇದೆ ನೋಡು, ಅಲ್ಲಿಂದ ಹೇಳು."

ಸೋನಿಯಾ ಹಾಳೆಯನ್ನು ಮಡಚಿದಳು. "ಕ್ಷಮಿಸಿ. ಉಳಿದದ್ದನ್ನು ನಾನು ಓದುವುದಿಲ್ಲ," ಎಂದಳು. ಅಷ್ಟೇ. ಯಾಕೆಂದು ಹೇಳಲಿಲ್ಲ. ಹೇಳಿದರೆ ಬಾಲ್ಕನಿಯಲ್ಲಿ ಕೂತವನ ಮೂವತ್ತು ವರ್ಷ ಕುಸಿಯುತ್ತಿತ್ತು.

ಹಾಲ್ವರ್ಸನ್ ನಗು ತಂದುಕೊಂಡಳು. "ನಮ್ಮ ಸೋನಿಯಾ ಸ್ವಲ್ಪ ನರ್ವಸ್..."

"ಏನಾಯ್ತೇ ಇವಳಿಗೆ?" ವಸಂತಲಕ್ಷ್ಮಿ ಪಕ್ಕದವಳಿಗೆ ಹೇಳಿದ್ದು ಬೇಕೆಂದೇ ಬಾಲ್ಕನಿಯವರೆಗೂ ಕೇಳಿಸಿತು. "ಅಜ್ಜಿ ಹೆಸರು ಹೇಳೋಕೆ ನಾಚಿಕೆನಾ? ಅಂಥಾದ್ದೇನಿದೆಯೋ ಮನೇಲಿ, ನಮಗೇನ್ ಗೊತ್ತು."

ಅದರ ಬೆನ್ನಿಗೇ ಬಂದ ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹಬ್ಬಿತು. ತರಗತಿಯಲ್ಲಿ ಹಬ್ಬುವಂಥ ನಗು. ಬಾಲ್ಕನಿಯಲ್ಲಿ ಒಬ್ಬ ಗಂಡಸು ಎದ್ದು ನಿಂತ.

"ಹೆಸರ ಬೇಕೇನ್ರೀ?" ಅವನ ದನಿ ಇಡೀ ಹಾಲನ್ನು ಮೀಟಿತು. "ಗಂಗಮ್ಮ! ನಮ್ಮವ್ವನ ಹೆಸರ ಗಂಗಮ್ಮ! ನಾಚಿಕಿ ನನ್ನ ಮಗಳಿಗಿಲ್ಲ, ನನಗಿತ್ತು. ನಮ್ಮವ್ವಗ ಮುತ್ತು ಕಟ್ಟಿದ್ರು. ರಾಣಿ ಆಗಿದ್ಳಂತ? ಯಾವ ರಾಣಿ ಸಂಜಿಯಾದ್ರ ಯಾರ ಬರ್ತಾರಂತ ಬಾಗಿಲಾ ನೋಡ್ಕೋತ ಕೂಡ್ತಾಳ್ರೀ? ಗುಡಿ ಕಟ್ಟಿ ಮ್ಯಾಲ ಕೂಡಾಕ ಬಿಡ್ತಿರಲಿಲ್ಲ, ಹಾಸಿಗಿ ಮ್ಯಾಲ ಮಾತ್ರ ಮಡಿ ಇರಲಿಲ್ಲ ನಿಮಗ! ಪೂಜಾರಿ ಸೀನ್ ತೆಗಿಸೀರಂತ. ತೆಗೀರಿ. ನನ್ನ ಮಾರಿ ನೋಡ್ರಿ. ಇದನ್ನ ಹೆಂಗ ತೆಗೀತೀರಿ?"

ರೇಷ್ಮೆಯ ಸಾಲುಗಳು ಕಲ್ಲಾದವು. ಕನ್ನಡ ತಿಳಿಯದ ಉಳಿದ ಸಭೆ ಕತ್ತು ಎತ್ತಿ ಮೇಲೆ ನೋಡುತ್ತಿತ್ತು. ಅಷ್ಟು ಜನರಿಗೆ ಕಂಡದ್ದು ಕೂಗಾಡುವ ಒಬ್ಬ ಕಪ್ಪು ಮನುಷ್ಯ. ಕಾವಲುಗಾರನೊಬ್ಬ ಆಗಲೇ ಬಾಲ್ಕನಿಯ ಮೆಟ್ಟಿಲು ಹತ್ತುತ್ತಿದ್ದ.

"ಏನಂದ ಅವನು?" ಹಾಲ್ವರ್ಸನ್ ಮೈಕಿನಲ್ಲೇ ಕೇಳಿದಳು.

ಶಶಿಕಾಂತ ತಟ್ಟನೆ ಎದ್ದ. ಅವನಿಗೆ ಎಂಥ ಮೀಟಿಂಗಿನಲ್ಲೂ ಮಾತಿಗೆ ಬರವಿಲ್ಲ. "ಆಕೆಯ ತಂದೆ," ಎಂದ, ಮೃದುವಾದ ಇಂಗ್ಲಿಷಿನಲ್ಲಿ. "ಭಾವುಕರಾಗಿದ್ದಾರೆ. ಮಗಳಿಗೆ ಆಶೀರ್ವಾದ ಮಾಡುತ್ತಿದ್ದಾರೆ."

ಸಭೆ ಅಯ್ಯೋ ಪಾಪ ಎಂದು ಕರಗಿತು. ಯಾರೋ ಚಪ್ಪಾಳೆಯನ್ನೂ ಶುರುಮಾಡಿದರು. ಕ್ಷಣದಲ್ಲಿ ಎಲ್ಲ ಸರಿಹೋಗುತ್ತಿತ್ತು. ಸೋನಿಯಾ ಸುಮ್ಮನಿದ್ದರೆ ಸಾಕಿತ್ತು. ಪಾತ್ರ ಅವಳದೇ, ಜೂನ್ ಅವಳದೇ. ಅಪ್ಪ ಹೇಳಿದ್ದು ಕನ್ನಡದಲ್ಲೇ ಹುಟ್ಟಿ ಕನ್ನಡದಲ್ಲೇ ಹೂತುಹೋಗುತ್ತಿತ್ತು.

ಅವಳು ಮೇಲೆ ನೋಡಿದಳು. ಅಪ್ಪ ಕಂಬಿ ಹಿಡಿದು ನಿಂತಿದ್ದ. ಬೇಡ ಎಂದು ತಲೆಯಾಡಿಸಲಿಲ್ಲ. ಹೇಳು ಎಂದೂ ಆಡಿಸಲಿಲ್ಲ.

"ಅಲ್ಲ," ಎಂದಳು ಸೋನಿಯಾ ಮೈಕಿಗೆ ಬಾಯಿಟ್ಟು. "ಅವರು ಹೇಳಿದ್ದು ಅದಲ್ಲ. ನಾನು ಹೇಳುತ್ತೇನೆ." ಮತ್ತು ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದಳು. ಗಂಗಮ್ಮನನ್ನು ತಂದಳು, ಮುತ್ತನ್ನು ತಂದಳು, ಸಂಜೆಯ ಬಾಗಿಲನ್ನು ತಂದಳು. ಗುಡಿಯ ಕಟ್ಟೆಯನ್ನು ಬಿಡಲಿಲ್ಲ, ಹಾಸಿಗೆಯನ್ನೂ ಬಿಡಲಿಲ್ಲ. "ಇಂದು ಈ ಬ್ಯಾಲೆಯಲ್ಲಿ ಪೂಜಾರಿ ಇರುವುದಿಲ್ಲ," ಎಂದಳು ಕೊನೆಗೆ. "ಇದ್ದ. ಬುಧವಾರದವರೆಗೂ ಇದ್ದ."

ಕಾವಲುಗಾರ ಮಲ್ಲೇಶನ ಪಕ್ಕಕ್ಕೆ ಬಂದು, ಏನು ಮಾಡಬೇಕೆಂದು ತಿಳಿಯದೆ, ಹಾಗೇ ನಿಂತುಕೊಂಡ. ಕೆಳಗೆ ರೇಷ್ಮೆ ಸೀರೆಗಳು ಸರಬರನೆ ಎದ್ದವು.

*

ಪರದೆಯ ಹಿಂದೆ ಹಾಲ್ವರ್ಸನ್‌ಳ ಮುಖ ಕೆಂಪಗಾಗಿತ್ತು. "ಇದು ನಿನ್ನ ವೇದಿಕೆಯಲ್ಲ, ಕಂಪೆನಿಯ ವೇದಿಕೆ," ಎಂದಳು ಹಲ್ಲು ಕಚ್ಚಿ. "ಈ ಸ್ಥಿತಿಯಲ್ಲಿ ನಿನ್ನನ್ನು ಕುಣಿಸಲಾರೆ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ." ಶಶಿಕಾಂತ ಅವಳ ಬೆನ್ನ ಹಿಂದೆಯೇ ಬಂದು ನಿಂತಿದ್ದ. ಕನ್ನಡದಲ್ಲಿ, ಸೋನಿಯಾಳಿಗೆ ಮಾತ್ರ ಕೇಳುವಂತೆ, "ನಮ್ಮ ಮನೇಲಿ ಕೂತು ಊಟ ಮಾಡಿದ್ರಲ್ಲಮ್ಮಾ ನೀವು," ಎಂದ.

"ಆ ತಟ್ಟೆ ಇಟ್ಕೋತೀರಾ, ಬಿಸಾಡ್ತೀರಾ ಅಂಕಲ್?" ಸೋನಿಯಾ ಕೇಳಿದಳು.

ಹಾಲ್ವರ್ಸನ್ ತಿರುಗಿ ಕೂಗಿದಳು. "ಬ್ರಿನ್! ರೆಡಿಯಾಗು."

ಬ್ರಿನ್ ಬೆಲಿಂಗ್‌ಹ್ಯಾಮ್‌ನ ಹುಡುಗಿ. ಇದೇ ಪಾತ್ರವನ್ನು ಕಲಿತು ಬದಲಿಗೆ ಕಾದಿರುವವಳು. ಇಂಥ ಕ್ಷಣಕ್ಕಾಗಿಯೇ ಕಂಪೆನಿಗಳು ಒಬ್ಬಳನ್ನು ವೇದಿಕೆಯ ಪಕ್ಕದ ಪರದೆಯ ನೆರಳಲ್ಲಿ ಸದಾ ಬೆಚ್ಚಗೆ ಇಟ್ಟಿರುತ್ತವೆ. ಮೈ ಬೆಚ್ಚಗಾಗದೆ ಯಾರನ್ನೂ ವೇದಿಕೆ ಹತ್ತಿಸುವಂತಿಲ್ಲ, ಸ್ನಾಯು ಹರಿದರೆ ಬದುಕೇ ಹರಿಯುತ್ತದೆ. ಡ್ಯಾನ್ಸರುಗಳು ಹೋರಾಡಿ ಕರಾರಿಗೆ ಸೇರಿಸಿದ ನಿಯಮವದು. ಬ್ರಿನ್ ಸಂಜೆಯಿಂದಲೂ ಕಂಬಿ ಹಿಡಿದು ಕಾಲು ಎಸೆಯುತ್ತಲೇ ಇದ್ದಳು. ಕತ್ತಿನಿಂದ ಬೆವರು ಇಳಿದು ರವಿಕೆಯ ಬೆನ್ನು ಒದ್ದೆಯಾಗಿತ್ತು.

ಅವಳು ಸೋನಿಯಾಳನ್ನು ನೋಡಿದಳು, ಹಾಲ್ವರ್ಸನ್‌ಳನ್ನು ನೋಡಿದಳು. ಕೆಳಗೆ ಬಿದ್ದಿದ್ದ ಉಣ್ಣೆಯ ಶಾಲು ಎತ್ತಿ ಹೊದ್ದುಕೊಂಡಳು.

"ನನಗೆ ಚಳಿಯಾಗುತ್ತಿದೆ," ಎಂದಳು. "ಮೈ ಬೆಚ್ಚಗಾಗಿಲ್ಲ."

"ಬೆವರು ಸುರಿಯುತ್ತಿದೆ ನಿನ್ನ ಮೈಯಿಂದ!"

"ತಣ್ಣನೆಯ ಬೆವರು."

ಹಾಲ್ವರ್ಸನ್ ಪಾತ್ರ ಕಲಿತಿದ್ದ ಮೂರನೆಯವಳತ್ತ ತಿರುಗಿದಳು. ಅವಳು ಆಗಲೇ ನೆಲದ ಮೇಲೆ ಕೂತು, ಮೊಣಕಾಲು ಅಪ್ಪಿಕೊಂಡು, ಹಲ್ಲು ಕಟಕಟಿಸುತ್ತಿದ್ದಳು. ನಟನೆ ಬಹಳ ಕೆಟ್ಟದಾಗಿತ್ತು. ಹಿಂದಿನ ಸಾಲಿನ ಹುಡುಗಿಯರು ಒಬ್ಬೊಬ್ಬರಾಗಿ ಸ್ವೆಟರ್ ಏರಿಸತೊಡಗಿದರು. ದೀಪಗಳ ಕೆಳಗೆ ಬೇಯುತ್ತಿದ್ದ ಆ ವೇದಿಕೆಯ ಮೇಲೆ ಇದ್ದಕ್ಕಿದ್ದಂತೆ ಡಿಸೆಂಬರ್ ಬಂದಿತ್ತು.

"ದಾರೇಜಾನ್, ನೀವಾದರೂ ಹೇಳಿ ಇವರಿಗೆ!"

ಮುದುಕಿ ಕೋಲೂರಿ ಎದ್ದಳು. "ನಮ್ಮಲ್ಲಿ ಒಬ್ಬಳು ಇಲ್ಲ ಅಂದಿದ್ದಳು," ಎಂದಳು, ಹಾಲ್ವರ್ಸನ್‌ಗಲ್ಲ, ಹುಡುಗಿಯರಿಗೆ. "ಮುಂದಿನ ಊರಿನ ಪೋಸ್ಟರಿನಲ್ಲಿ ಅವಳ ಹೆಸರಿನ ಮೇಲೆ ಬೇರೆ ಹೆಸರು ಅಂಟಿಸಿದ್ದರು. ನಾವೆಲ್ಲ ಅವತ್ತು ಬೆಚ್ಚಗಿದ್ದೆವು." ಆಮೇಲೆ ಸೋನಿಯಾಳ ಬಳಿ ಬಂದು, ರವಿಕೆಯ ಬೆನ್ನಿನಲ್ಲಿ ಸಡಿಲವಾಗಿದ್ದ ದಾರವನ್ನು ಬಿಗಿದು ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದ ಕಡಿದಳು.

ಪರದೆಯಾಚೆ ಉಳಿದ ಸಭೆ ಕಾಲು ಕುಟ್ಟಲು ಶುರುಮಾಡಿತ್ತು. ಸಿಟ್ಟಿಗೋ ಕರೆಗೋ, ಹೇಳಲಾಗುತ್ತಿರಲಿಲ್ಲ. ಹಾಲ್ವರ್ಸನ್ ಗಡಿಯಾರ ನೋಡಿದಳು. ಶಶಿಕಾಂತನತ್ತ ನೋಡಿದಳು. ಅವನು ಫೋನ್ ಕಿವಿಗಿಟ್ಟುಕೊಂಡು ಆಗಲೇ ಬಾಗಿಲ ಕಡೆ ನಡೆದಿದ್ದ.

"ಇವತ್ತು ಕುಣಿ. ಸೋಮವಾರ ನನ್ನ ಆಫೀಸಿಗೆ ಬಾ," ಎಂದಳು ಹಾಲ್ವರ್ಸನ್. ಅದರಲ್ಲಿ ಜೂನ್ ತಿಂಗಳು ಆಗಲೇ ಬಂದುಹೋಗಿತ್ತು. ಅದು ಸೋನಿಯಾಳಿಗೂ ಗೊತ್ತಾಯಿತು, ಸ್ವೆಟರ್ ಕಳಚುತ್ತಿದ್ದ ಹುಡುಗಿಯರಿಗೂ ಗೊತ್ತಾಯಿತು.

"ಬರ್ತೀನಿ," ಎಂದಳು ಸೋನಿಯಾ.

ಪರದೆ ಎದ್ದಿತು. ಎಡಗಡೆ ಖಾಲಿ ಕುರ್ಚಿಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಬಾಲ್ಕನಿಯಿಂದ ಅಪ್ಪ ಕೆಳಗಿಳಿದು ಬಂದಿದ್ದ. ಆ ಖಾಲಿ ಸಾಲಿನ ನಟ್ಟನಡುವೆ, ಯಾರದೋ ಹೆಸರಿಗೆ ಕಾದಿರಿಸಿದ್ದ ಕುರ್ಚಿಯಲ್ಲಿ, ಕಾಲು ಚಾಚಿ ಕೂತಿದ್ದ. ಸೋನಿಯಾ ಬೆಳಕಿನೊಳಕ್ಕೆ ಓಡಿದಳು.